ಲಂಡನ್‌ನಿಂದ ಟೋಕಿಯೊ: ದೂರ, ಸಮಯ ನಾನು ಲೆಕ್ಕ ಹಾಕುವುದು ಹೀಗೆ

ದೂರದ ಎರಡು ಏರ್‌ಪೋರ್ಟ್‌ಗಳ ನಡುವೆ ಎಷ್ಟು ಕಿಲೋಮೀಟರ್ ಅಂತ ತಿಳಿಯಬೇಕಾದರೆ ನಾನು ಗೋಡೆಯ ಮ್ಯಾಪ್ ನೋಡುವುದಿಲ್ಲ. ಗ್ಲೋಬ್ ಮತ್ತು ಒಂದು ದಾರ ಸಾಕು. ಗ್ಲೋಬಿನ ನಡುವಿಗೆ, ಅಂದರೆ ಭೂಮಧ್ಯರೇಖೆಗೆ ದಾರವನ್ನು ಒಂದು ಸುತ್ತು ಸುತ್ತಿ ಕತ್ತರಿಸುತ್ತೇನೆ. ಅದು 40,000 ಕಿ.ಮೀ. ನಾಲ್ಕಾಗಿ ಮಡಚಿದರೆ 10,000. ಆ ಮಡಿಕೆಯ ಒಂದು ತುದಿ ಲಂಡನ್ ಮೇಲಿಟ್ಟು ಟೋಕಿಯೊ ಕಡೆಗೆ ಬಿಗಿಯಾಗಿ ಎಳೆದರೆ, ಟೋಕಿಯೊ ತಲುಪಿ ಇನ್ನೂ ಸ್ವಲ್ಪ ದಾರ ಮಿಗುತ್ತದೆ. ಲಂಡನ್‌ನ ಹೀಥ್ರೂ ಏರ್‌ಪೋರ್ಟ್‌ನಿಂದ ಟೋಕಿಯೊದ ಹನೇಡಾ ಏರ್‌ಪೋರ್ಟ್‌ಗೆ ಸುಮಾರು 9,600 ಕಿ.ಮೀ.

ಆಗ ದಾರ ಎಲ್ಲೆಲ್ಲಿ ಹಾದುಹೋಗಿದೆ ನೋಡಿ. ಸ್ಕ್ಯಾಂಡಿನೇವಿಯಾ ದಾಟಿ, ರಷ್ಯಾದ ಉತ್ತರದ ಅಂಚಿನಲ್ಲಿ ಸಾಗಿ, ಆಮೇಲೆ ಜಪಾನಿಗೆ ಇಳಿದಿರುತ್ತದೆ. ಚಪ್ಪಟೆ ಮ್ಯಾಪಿನಲ್ಲಿ ಎಳೆದ ನೇರ ಗೆರೆ ಇದಕ್ಕಿಂತ ಎಷ್ಟೋ ದಕ್ಷಿಣಕ್ಕಿರುತ್ತದೆ, ಉದ್ದವೂ ಜಾಸ್ತಿ. ಇನ್ನೂ ನಿಖರವಾದ ಅಂಕಿ ಬೇಕಿದ್ದರೆ ಎರಡೂ ಕಡೆಯ ಅಕ್ಷಾಂಶ, ರೇಖಾಂಶ ಹಾಕಿ ಹ್ಯಾವರ್‌ಸೈನ್ ಸೂತ್ರದಲ್ಲಿ (ಗೋಳದ ಮೇಲಿನ ಎರಡು ಜಾಗಗಳ ನಡುವಿನ ದೂರ ತಿಳಿಸುವ ಗಣಿತ ಸೂತ್ರ) ಲೆಕ್ಕ ಮಾಡುತ್ತೇನೆ.

ಸಮಯದ ಲೆಕ್ಕ ಇಷ್ಟು ಸುಲಭ ಅಲ್ಲ. ದೊಡ್ಡ ಜೆಟ್ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಭಾಗಿಸಿ, ಏರುವುದಕ್ಕೆ, ಇಳಿಯುವುದಕ್ಕೆ, ರನ್‌ವೇ ತನಕ ಹೋಗಿಬರುವುದಕ್ಕೆ ಅಂತ ಒಂದು ಅರ್ಧ ಗಂಟೆ ಸೇರಿಸಿದರೆ ಹನ್ನೊಂದು ಗಂಟೆ ಚಿಲ್ಲರೆ. ಆದರೆ ಈಗ ಹಿಡಿಯುವುದು ಸುಮಾರು 14 ಗಂಟೆ! 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಜಪಾನಿನ ಕಂಪನಿಗಳೂ ಆ ದಾರಿ ಬಿಟ್ಟವು. ಹಾಗಾಗಿ ದಾರದ ಉದ್ದವನ್ನೇ ನಂಬಿ ಸಮಯ ಹೇಳಬಾರದು. ವಿಮಾನ ನಿಜಕ್ಕೂ ಯಾವ ದಾರಿ ಹಿಡಿಯುತ್ತದೆ ಅನ್ನುವುದೇ ಮುಖ್ಯ.

ಇನ್ನು ಗಾಳಿ. ಹತ್ತು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಕೆಲವೊಮ್ಮೆ ಗಂಟೆಗೆ 200 ಕಿ.ಮೀ.ಗೂ ಮೀರಿ. ಅದಕ್ಕೇ ಹೋಗುವ ಸಮಯ, ಬರುವ ಸಮಯ ನಾನು ಬೇರೆ ಬೇರೆ ಬರೆದಿಡುತ್ತೇನೆ. ಟೋಕಿಯೊದಿಂದ ಲಂಡನ್‌ಗೆ ಬರುವಾಗ ಕೆಲವು ವಿಮಾನಗಳು ಪೂರ್ವಕ್ಕೇ ಹೊರಟು, ಅಲಾಸ್ಕಾ, ಗ್ರೀನ್‌ಲ್ಯಾಂಡ್ ಕಡೆಯಿಂದ ಸುತ್ತಿ ಬರುತ್ತವೆ. ಲಂಡನ್ ಇರುವುದು ಪಶ್ಚಿಮಕ್ಕೆ ಅಲ್ವಾ? ಗ್ಲೋಬ್ ಕೈಯಲ್ಲಿದ್ದರೆ ಇದು ತಟ್ಟನೆ ಅರ್ಥವಾಗುತ್ತದೆ.

ಗಡಿಯಾರದ ಲೆಕ್ಕ ಕೊನೆಗೆ ಮಾಡುತ್ತೇನೆ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಸಮಯ. ಸುಮ್ನೆ ಒಂದರಿಂದ ಇನ್ನೊಂದು ಕಳೆದರೆ ಪ್ರಯಾಣದ ಸಮಯ ಸಿಗುವುದಿಲ್ಲ. ಚಳಿಗಾಲದಲ್ಲಿ ಟೋಕಿಯೊ ಲಂಡನ್‌ಗಿಂತ 9 ಗಂಟೆ ಮುಂದೆ, ಬೇಸಿಗೆಯಲ್ಲಿ 8. ಜನವರಿಯಲ್ಲಿ ಬೆಳಗ್ಗೆ 9ಕ್ಕೆ ಲಂಡನ್ ಬಿಟ್ಟರೆ 14 ಗಂಟೆ ಕಳೆದಾಗ ಲಂಡನ್‌ನಲ್ಲಿ ರಾತ್ರಿ 11. ಟೋಕಿಯೊದಲ್ಲಿ ಮರುದಿನ ಬೆಳಗ್ಗೆ 8. ವಾಪಸ್ ಬರುವಾಗ ಬೆಳಗ್ಗೆ 10ಕ್ಕೆ ಹೊರಟು ಅಷ್ಟೇ ಹೊತ್ತು ಹಾರಿದರೂ ಲಂಡನ್‌ನಲ್ಲಿ ಅದೇ ದಿನ ಮಧ್ಯಾಹ್ನ 3 ಗಂಟೆ. ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ, ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ವೆಬ್‌ಸೈಟಿನಲ್ಲಿ ಅದೇ ವಿಮಾನ ಹಿಂದಿನ ದಿನಗಳಲ್ಲಿ ಎಷ್ಟೊತ್ತಿಗೆ ಇಳಿದಿದೆ ನೋಡಿಕೊಂಡೇ ಟಿಕೆಟ್ ತೆಗೆದುಕೊಳ್ಳುತ್ತೇನೆ.