ಅಡಿಕೆ ಒಣಗಿತಾ ಅಂತ ನೋಡೋಕೆ ಕ್ಯಾಮೆರಾ ಬಿಚ್ಚಿದ್ದು

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ಮನೆ. ಬೇಯಿಸಿದ ಅಡಿಕೆ ಅಂಗಳಕ್ಕೆ ಹರಡಿದ ಮೇಲೆ ಒಣಗಿತೋ ಇಲ್ಲವೋ ಅಂತ ಅಪ್ಪ ಒಂದು ಹಿಡಿ ಎತ್ತಿ ಕುಲುಕಿ, ಸದ್ದು ಕೇಳಿಯೇ ಹೇಳುತ್ತಾರೆ. ನನಗೆ ಆ ಕಿವಿ ಇಲ್ಲ. ಕ್ಯಾಮೆರಾ ಹೇಳುತ್ತಾ ನೋಡೋಣ ಅನ್ನೋ ಹುಚ್ಚು ಹಿಡಿಯಿತು.

ಮೂಲೆಯಲ್ಲಿದ್ದ ಹಳೇ ಡಿಎಸ್‌ಎಲ್‌ಆರ್ ಬಿಚ್ಚಿದೆ. ಬ್ಯಾಟರಿ ತೆಗೆದರೂ ಫ್ಲಾಶ್ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಅದು ಗೊತ್ತಿದ್ದೂ ಬೆರಳಿಟ್ಟು ಸರಿಯಾಗಿ ಹೊಡೆಸಿಕೊಂಡೆ. ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಟೇಪಿಗೆ ಅಂಟಿಸುತ್ತಾ ಹೋದೆ, ಆದರೂ ಕೊನೆಗೆ ಎರಡು ಮಿಕ್ಕವು! ಬೆಳಕು ಹಿಡಿಯುವ ಚಿಪ್, ಅಂದರೆ ಸೆನ್ಸರ್ ಮುಂದೆ ತಿಳಿ ನೀಲಿ ಛಾಯೆಯ ಗಾಜಿರುತ್ತದೆ, ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು) ತಡೆಯೋದು ಅದೇ. ನೀರು ಆ ಬೆಳಕನ್ನು ಹೀರುತ್ತದೆ, ಹಸಿ ಅಡಿಕೆ ಬೇರೆ ಥರ ಕಂಡೀತು ಅನ್ನೋ ಲೆಕ್ಕ. ಕಿತ್ತೆ. ಆ ಜಾಗಕ್ಕೆ ಬರೀ ಗಾಜು ಹಾಕಬೇಕಿತ್ತು, ಸೋಮಾರಿತನಕ್ಕೆ ಬಿಟ್ಟೆ. ಹತ್ತಿರದ್ದಕ್ಕೆ ಫೋಕಸ್ ಸರಿ, ಎದುರಿನ ಗುಡ್ಡಕ್ಕೆ ಇವತ್ತಿಗೂ ಕೂರಲ್ಲ.

ಲೆನ್ಸಿಗೆ 720 ನ್ಯಾನೋಮೀಟರ್ ಫಿಲ್ಟರ್ (ತರಂಗದ ಉದ್ದ ಅದಕ್ಕಿಂತ ಕಡಿಮೆ ಇರುವ ಬೆಳಕನ್ನು ತಡೆಯುವಂಥದ್ದು) ಸಿಕ್ಕಿಸಿ ತೋಟ ನೋಡಿದರೆ ಸೋಗೆಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಅಡಿಕೆ ಮಾತ್ರ ಹಸಿಯೂ ಒಣಗಿದ್ದೂ ಒಂದೇ ಥರ.

ಕಾರಣ ಓದಿದ ಮೇಲೆ ತಿಳಿಯಿತು. ಮಾಮೂಲಿ ಕ್ಯಾಮೆರಾದ ಸೆನ್ಸರ್ ಸಿಲಿಕಾನಿನದ್ದು, ಅದರ ಕಣ್ಣು ಸುಮಾರು 1100 ನ್ಯಾನೋಮೀಟರ್‌ಗೆ ಮುಗಿಯುತ್ತದೆ. ನೀರು ಬೆಳಕನ್ನು ಜೋರಾಗಿ ಹೀರೋದು 1450ರ ಆಸುಪಾಸು. ಗಾಜು ಕಿತ್ತರೆ ಏನು ಬಂತು, ಅಲ್ವಾ? ಅಲ್ಲಿಯವರೆಗೆ ನೋಡುವ ಬೇರೆ ಕ್ಯಾಮೆರಾಗಳಿವೆ, ಬೆಲೆ ಕೇಳಿ ಸುಮ್ಮನಾದೆ.

ಆಗ ಕಣ್ಣಿಗೆ ಬಿದ್ದದ್ದು ಗ್ರಾಫೀನ್ ಸೆನ್ಸರ್. ಗ್ರಾಫೀನ್ ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಕರೆಂಟ್ ಹರಿಸೋದರಲ್ಲಿ ಗಟ್ಟಿಗ, ಆದರೆ ಬಿದ್ದ ಬೆಳಕಲ್ಲಿ ಹಿಡಿಯೋದು ಶೇ. 2.3 ಅಷ್ಟೇ. ಅದಕ್ಕೇ ಮೇಲೆ ಲೆಡ್ ಸಲ್ಫೈಡ್‌ನ ಕ್ವಾಂಟಮ್ ಡಾಟ್, ಅಂದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಕಾಳು, ಬಳಿಯುತ್ತಾರೆ. ಕಾಳು ದಪ್ಪ ಆದಷ್ಟೂ ಇನ್ನೂ ಉದ್ದದ ತರಂಗ ಹಿಡಿಯುತ್ತದೆ. ಬೆಳಕು ಬಿದ್ದಾಗ ಒಂದು ಚಾರ್ಜ್ ಕಾಳಲ್ಲೇ ಸಿಕ್ಕಿಬೀಳುತ್ತದೆ, ಅದು ಅಲ್ಲಿ ಕೂತಿರೋ ಅಷ್ಟು ಹೊತ್ತೂ ಕೆಳಗಿನ ಹಾಳೆಯಲ್ಲಿ ಕರೆಂಟ್ ಬದಲಾಗಿಯೇ ಇರುತ್ತದೆ, ಹೀಗಾಗಿ ಚೂರು ಬೆಳಕಿಗೂ ಸಿಗ್ನಲ್ ಜಾಸ್ತಿ. 2017ರಲ್ಲಿ ಬಾರ್ಸಿಲೋನಾದ ಇಕ್ಫೋ ಸಂಸ್ಥೆಯವರು ಇದನ್ನು ಮಾಮೂಲಿ ಸಿಮಾಸ್ ಚಿಪ್ (ಫೋನು, ಕ್ಯಾಮೆರಾಗಳಲ್ಲಿರೋ ಥರದ ಸಿಲಿಕಾನ್ ಚಿಪ್) ಮೇಲೇ ಕೂರಿಸಿ 388×288 ಪಿಕ್ಸೆಲ್‌ನ ಕ್ಯಾಮೆರಾ ಮಾಡಿದರು. ನೋಟ 300ರಿಂದ 2000 ನ್ಯಾನೋಮೀಟರ್‌ವರೆಗೆ! ನನ್ನ 1450 ಅದರೊಳಗೇ ಬಂತು.

ಅಂಥದ್ದು ಕೈಗೆ ಸಿಕ್ಕರೂ ಕಾಣೋದು ಮೇಲಿನ ಪಸೆ, ಅಡಿಕೆ ಒಳಗಿನದ್ದಲ್ಲ ಅನ್ನೋ ಅನುಮಾನ ನನಗಿದೆ. ಅಪ್ಪನಿಗೆ ಇಷ್ಟೂ ವಿವರಿಸಿದೆ. ಪೂರ್ತಿ ಕೇಳಿ, ಒಂದು ಹಿಡಿ ಎತ್ತಿ ಕುಲುಕಿ, "ಇನ್ನೆರಡು ಬಿಸಿಲು ಬೇಕು" ಅಂದರು.