ರೂಟ್ ಕೆನಾಲ್ ನಂತರದ ನೋವು: ನಾಳ ತೊಳೆಯುವಾಗಲೇ ತಗ್ಗಿಸುವುದು ಹೇಗೆ?

ರೂಟ್ ಕೆನಾಲ್ ಮುಗಿದು ಅರಿವಳಿಕೆ ಇಳಿದ ಮೇಲೆ ಹಲ್ಲು ನೋಯುವುದು ಸಾಮಾನ್ಯ. ಮೊದಲ 24 ಗಂಟೆಗಳಲ್ಲಿ ನೋವು ಹೆಚ್ಚಿರುತ್ತದೆ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಚಿಕಿತ್ಸೆಗೆ ಮೊದಲೇ ಜೋರಾಗಿ ನೋಯುತ್ತಿದ್ದ ಹಲ್ಲು ಆಮೇಲೂ ಹೆಚ್ಚು ನೋಯುತ್ತದೆ. ಒಳಗಿನ ನರವನ್ನೇ ತೆಗೆದ ಮೇಲೆ ನೋವು ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. ಅದು ಬರುವುದು ಬೇರಿನ ತುದಿಯ ಆಚೆಗಿರುವ ಜೀವಂತ ಅಂಗಾಂಶದಿಂದ. ನಾಳವನ್ನು ಕೆರೆದು ತೊಳೆಯುವಾಗ ಹಲ್ಲಿನ ಪುಡಿ, ಕೊಳೆತ ತಿರುಳಿನ ಚೂರು, ಬ್ಯಾಕ್ಟೀರಿಯಾ, ಕೆಲವೊಮ್ಮೆ ತೊಳೆಯುವ ದ್ರವವೂ ತುದಿಯ ರಂಧ್ರ ದಾಟಿ ಹೊರಬೀಳುತ್ತವೆ. ಅಲ್ಲಿ ಉರಿಯೂತ ಶುರುವಾಗುತ್ತದೆ, ಕಚ್ಚಿದರೆ ಹಲ್ಲು ಜುಮ್ಮೆನ್ನುತ್ತದೆ.

ಹಾಗೆಂದು ತೊಳೆಯುವುದನ್ನು ಕಡಿಮೆ ಮಾಡಿದರೆ ಸೋಂಕು ಒಳಗೇ ಉಳಿಯುತ್ತದೆ. ನಾಳ ಕೆರೆಯುವ ತೆಳು ಉಪಕರಣವಾದ ಫೈಲ್ ತಲುಪದ ಕವಲು, ಸಂದುಗಳನ್ನು ದ್ರವವೇ ತಲುಪಬೇಕು. ಆದ್ದರಿಂದ ಧಾರಾಳವಾಗಿ ತೊಳೆಯಬೇಕು, ಆದರೆ ಒತ್ತಡ ಹಾಕದೆ. ಮುಂದಿನ ಕ್ರಮವನ್ನು ವೃತ್ತಿಗೆ ಹೊಸದಾಗಿ ಬಂದ ದಂತವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಚಿಕಿತ್ಸೆಯ ಕುರ್ಚಿಯಲ್ಲಿ ಕೂರುವವರಿಗೂ ತಮ್ಮ ಹಲ್ಲಿನೊಳಗೆ ಏನು ನಡೆಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಅಳತೆ ಮೊದಲು, ದ್ರವ ಆಮೇಲೆ

ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕದೆ, ನಾಳ ತೊಳೆಯುವ ಮುಖ್ಯ ದ್ರವವಾದ ಹೈಪೋಕ್ಲೋರೈಟ್‌ನ ಸಿರಿಂಜ್ ಕೈಗೆತ್ತಿಕೊಳ್ಳಬಾರದು. ನಾಳದ ಉದ್ದವನ್ನು, ಬೇರಿನ ತುದಿ ಎಲ್ಲಿದೆ ಎಂದು ಗುರುತಿಸುವ ಸಾಧನವಾದ ಅಪೆಕ್ಸ್ ಲೊಕೇಟರ್‌ನಿಂದ ಅಳೆದು ಎಕ್ಸ್‌-ರೇಯಲ್ಲಿ ಖಚಿತಪಡಿಸಿಕೊಳ್ಳಿ. ಆ ಎಕ್ಸ್‌-ರೇಯಲ್ಲೇ ಇನ್ನೂ ಮೂರು ವಿಷಯ ನೋಡಬೇಕು: ಬೇರಿನ ತುದಿ ಪೂರ್ತಿ ಬೆಳೆಯದೆ ತೆರೆದಿದೆಯೇ, ತುದಿ ಕರಗಿದೆಯೇ, ಬೇರಿನಲ್ಲಿ ಎಲ್ಲಾದರೂ ತೂತಾಗಿದೆಯೇ. ಇವುಗಳಲ್ಲಿ ಒಂದಿದ್ದರೂ ದ್ರವ ಹೊರಹೋಗುವ ದಾರಿ ದೊಡ್ಡದಿದೆ ಎಂದೇ ಅರ್ಥ. ಆಗ ಕಡಿಮೆ ಸಾಂದ್ರತೆಯ ದ್ರವ ಬಳಸಿ, ಸೂಜಿಯನ್ನು ಇನ್ನಷ್ಟು ಮೇಲೆಯೇ ನಿಲ್ಲಿಸಬೇಕು.

ಪ್ರತಿ ಸಿರಿಂಜ್‌ನ ಮೇಲೂ ಚೀಟಿ ಅಂಟಿಸಿ. ಹೈಪೋಕ್ಲೋರೈಟ್, ಸಲೈನ್ (ಉಪ್ಪುನೀರಿನ ದ್ರಾವಣ), ಅರಿವಳಿಕೆ ಮೂರೂ ನೀರಿನಂತೆಯೇ ಕಾಣುತ್ತವೆ.

ಸೂಜಿ ಎಂಥದ್ದು, ಎಲ್ಲಿಯವರೆಗೆ

ನೋವಿನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಆಯ್ಕೆ ಇನ್ನೊಂದಿಲ್ಲ. 30 ಗೇಜ್‌ನ, ತುದಿ ಮುಚ್ಚಿ ಪಕ್ಕದಲ್ಲಿ ರಂಧ್ರವಿರುವ ಸೂಜಿಯನ್ನೇ ಆರಿಸಿ. ಇದರ ಹೊರವ್ಯಾಸ ಸುಮಾರು 0.31 ಮಿ.ಮೀ. ದ್ರವ ಪಕ್ಕದ ಗೋಡೆಗೆ ಬಡಿದು ಮೇಲಕ್ಕೆ ತಿರುಗುತ್ತದೆ. ತುದಿ ತೆರೆದ ಸೂಜಿಯಲ್ಲಾದರೆ ಧಾರೆ ನೇರವಾಗಿ ಬೇರಿನ ತುದಿಗೇ ನುಗ್ಗುತ್ತದೆ.

ಪಕ್ಕದ ರಂಧ್ರದ ಸೂಜಿಯನ್ನು ನಾಳದ ಉದ್ದಕ್ಕಿಂತ 1ರಿಂದ 2 ಮಿ.ಮೀ. ಮೇಲೆ ನಿಲ್ಲಿಸಬೇಕು. ಅದರಿಂದ ಹೊರಟ ದ್ರವ ಸೂಜಿಯ ತುದಿಯಿಂದ ಸುಮಾರು 1 ಮಿ.ಮೀ. ಆಚೆಗಷ್ಟೇ ಚೆನ್ನಾಗಿ ಹರಿದಾಡುತ್ತದೆ. ತೀರ ಮೇಲೆ ನಿಲ್ಲಿಸಿದರೆ ಕೆಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ತೆರೆದ ತುದಿಯ ಸೂಜಿಯೇ ಗತಿಯಾದರೆ ಕನಿಷ್ಠ 3 ಮಿ.ಮೀ. ಅಂತರ ಬಿಡಿ. ಅಳತೆಗೆ ಸೂಜಿಯ ಮೇಲೆ ಗುರುತಿನ ರಬ್ಬರ್ ಬಿಲ್ಲೆ (ಸ್ಟಾಪರ್) ಹಾಕಿಕೊಳ್ಳಿ, ಕಣ್ಣಂದಾಜು ಬೇಡ.

ಸೂಜಿ ಅಷ್ಟು ಕೆಳಗೆ ಇಳಿಯಬೇಕಾದರೆ ನಾಳ ಅಷ್ಟು ಅಗಲವಿರಬೇಕು. ತುದಿಯಲ್ಲಿ 25ನೇ ಸಂಖ್ಯೆ (ಅಂದರೆ 0.25 ಮಿ.ಮೀ. ಅಗಲ), ಪ್ರತಿ ಮಿ.ಮೀ.ಗೆ 0.04 ಮಿ.ಮೀ. ಅಗಲವಾಗುತ್ತ ಹೋಗುವ 4 ಶೇಕಡಾ ಟೇಪರ್‌ಗೆ ಸಿದ್ಧಪಡಿಸಿದ ನಾಳ ತುದಿಯಿಂದ 1 ಮಿ.ಮೀ. ಮೇಲೆ 0.29 ಮಿ.ಮೀ. ಮಾತ್ರ ಅಗಲ. ಅಲ್ಲಿಗೆ 30 ಗೇಜ್ ಸೂಜಿ ತಲುಪುವ ಮೊದಲೇ ಸಿಕ್ಕಿಕೊಳ್ಳುತ್ತದೆ. 30ನೇ ಸಂಖ್ಯೆ, 6 ಶೇಕಡಾ ಟೇಪರ್ ಇದ್ದರೆ ಅದೇ ಜಾಗದಲ್ಲಿ 0.36 ಮಿ.ಮೀ. ಸಿಗುತ್ತದೆ, ಸೂಜಿಯ ಸುತ್ತ ದ್ರವ ಮೇಲೆ ಬರಲು ಸಂದು ಉಳಿಯುತ್ತದೆ. ಸಿಕ್ಕಿಕೊಂಡ ಸೂಜಿಯಿಂದ ದ್ರವ ಒತ್ತಿದರೆ ಅದಕ್ಕೆ ಹೋಗಲು ಉಳಿಯುವುದು ಒಂದೇ ದಿಕ್ಕು, ಬೇರಿನ ಆಚೆ. ಬಿಗಿಯಾಯಿತು ಅನ್ನಿಸಿದ ಕೂಡಲೇ 1–2 ಮಿ.ಮೀ. ಹಿಂದಕ್ಕೆ ಎಳೆಯಿರಿ, ಆಮೇಲೆ ಒತ್ತಿ.

ಒತ್ತುವ ಕೈ

ತಿರುಗಿಸಿ ಬಿಗಿಮಾಡುವ ಲೂಯರ್ ಲಾಕ್ ಸಿರಿಂಜ್ ಇರಲಿ, ಸೂಜಿ ಕಳಚಿ ದ್ರವ ಕಣ್ಣಿಗೆ ಚಿಮ್ಮುವ ಭಯವಿರುವುದಿಲ್ಲ. ವೈದ್ಯರಿಗೂ ಕುರ್ಚಿಯಲ್ಲಿರುವವರಿಗೂ ಕಣ್ಣು ಕಾಯುವ ಕನ್ನಡಕ ಕಡ್ಡಾಯ. ಹೆಬ್ಬೆರಳಿನಿಂದ ಒತ್ತುವ ಅಭ್ಯಾಸ ಬಿಟ್ಟು ತೋರುಬೆರಳಿನಿಂದ ಒತ್ತಿ. ತೋರುಬೆರಳಿಗೆ ಬಲ ಕಡಿಮೆ, ಒತ್ತಡ ಏರಿದ್ದು ಬೇಗ ಅರಿವಿಗೆ ಬರುತ್ತದೆ. 1 ಮಿ.ಲೀ. ದ್ರವಕ್ಕೆ 15ರಿಂದ 20 ಸೆಕೆಂಡು ತೆಗೆದುಕೊಳ್ಳಿ. ಒತ್ತುತ್ತಿರುವಷ್ಟು ಹೊತ್ತೂ ಸೂಜಿಯನ್ನು 2–3 ಮಿ.ಮೀ. ಮೇಲೆ ಕೆಳಗೆ ಆಡಿಸುತ್ತಿರಿ. ಕಣ್ಣು ಹಲ್ಲಿನ ಬಾಯಿಯ (ನಾಳಕ್ಕೆ ಇಳಿಯಲು ಹಲ್ಲಿನಲ್ಲಿ ಕೊರೆದ ದ್ವಾರದ) ಮೇಲಿರಲಿ. ಒಳಗೆ ಹೋದ ದ್ರವ ಅಲ್ಲಿ ವಾಪಸು ಬರುತ್ತಿರಬೇಕು. ಬರುತ್ತಿಲ್ಲವೆಂದರೆ ತಕ್ಷಣ ನಿಲ್ಲಿಸಿ.

ಯಾವ ದ್ರವ, ಯಾವಾಗ

ಮುಖ್ಯ ದ್ರವ ಸೋಡಿಯಂ ಹೈಪೋಕ್ಲೋರೈಟ್. 0.5ರಿಂದ ಸುಮಾರು 6 ಶೇಕಡಾವರೆಗಿನ ಸಾಂದ್ರತೆಗಳು ಬಳಕೆಯಲ್ಲಿವೆ. ಸಾಂದ್ರತೆ ಏರಿದಂತೆ ಸತ್ತ ಅಂಗಾಂಶ ಬೇಗ ಕರಗುತ್ತದೆ, ಆದರೆ ಹೊರಗೆ ಸೋರಿದರೆ ಸುಡುವುದೂ ಅಷ್ಟೇ ಜೋರು. ಸಾಮಾನ್ಯ ಹಲ್ಲುಗಳಿಗೆ 2.5 ಶೇಕಡಾದ ಆಸುಪಾಸಿನ ದ್ರವವನ್ನು ಹೆಚ್ಚು ಪ್ರಮಾಣದಲ್ಲಿ, ಪದೇ ಪದೇ ಹೊಸದಾಗಿ ತುಂಬುವುದೇ ನಮ್ಮ ಆಯ್ಕೆ. ಬಳಸಿದ ದ್ರವದ ಕ್ಲೋರಿನ್ ಬೇಗ ಖಾಲಿಯಾಗುವುದರಿಂದ ಹಳೆಯದನ್ನು ಒಳಗೇ ಬಿಟ್ಟು ಕಾಯುವುದರಲ್ಲಿ ಅರ್ಥವಿಲ್ಲ.

ಪ್ರತಿ ಫೈಲ್ ಬದಲಿಸಿದಾಗ 2 ಮಿ.ಲೀ. ಹಾಕಿ. ನಡುನಡುವೆ 10ನೇ ಸಂಖ್ಯೆಯ ತೆಳು ಫೈಲ್ ಇಳಿಸಿ ತುದಿಯಲ್ಲಿ ಪುಡಿ ಗಟ್ಟಿಯಾಗದಂತೆ ನೋಡಿಕೊಳ್ಳಿ. ಒಣ ನಾಳದಲ್ಲಿ ಫೈಲ್ ಆಡಿಸಿದರೆ ಪುಡಿಯೆಲ್ಲ ಕೆಳಕ್ಕೆ ತಳ್ಳಿಕೊಂಡು ಹೋಗುತ್ತದೆ.

ನಾಳ ಸಿದ್ಧವಾದ ಮೇಲೆ ಗೋಡೆಗೆ ಮೆತ್ತಿಕೊಂಡ ಪುಡಿಯ ಪದರ ತೆಗೆಯಲು ಕ್ಯಾಲ್ಸಿಯಂ ಹಿಡಿದು ಕರಗಿಸುವ 17 ಶೇಕಡಾ ಇಡಿಟಿಎ ದ್ರವ, ಒಂದು ನಿಮಿಷ. ಕೊನೆಗೆ ಮತ್ತೆ ಹೈಪೋಕ್ಲೋರೈಟ್. ಇವೆರಡನ್ನೂ ನಾಳದಲ್ಲಿ ಬೆರೆಯಲು ಬಿಡಬೇಡಿ, ಇಡಿಟಿಎ ಬೆರೆತರೆ ಹೈಪೋಕ್ಲೋರೈಟ್‌ನ ಶಕ್ತಿ ಕುಸಿಯುತ್ತದೆ. ಕ್ರಿಮಿನಾಶಕವಾದ 2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಬಳಸುವುದಿದ್ದರೆ ಅದಕ್ಕೆ ಮೊದಲು ಸಲೈನ್‌ನಿಂದ ಚೆನ್ನಾಗಿ ತೊಳೆದು, ದ್ರವ ಹೀರುವ ಕಾಗದದ ಕಡ್ಡಿಯಾದ ಪೇಪರ್ ಪಾಯಿಂಟ್‌ನಿಂದ ಒಣಗಿಸಿ. ಹೈಪೋಕ್ಲೋರೈಟ್ ಉಳಿದಿದ್ದರೆ ಎರಡೂ ಸೇರಿ ಕಿತ್ತಳೆ-ಕಂದು ಬಣ್ಣದ ಗಷ್ಟು ಕಟ್ಟುತ್ತದೆ, ಅದು ಹಲ್ಲಿಗೆ ಬಣ್ಣ ಹಿಡಿಸಿ ಗೋಡೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ.

ದ್ರವವನ್ನು ಕಲಕುವುದು

ನಾಳದ ಕೆಳತುದಿ ಮುಚ್ಚಿದಂತಿರುವುದರಿಂದ ಅಲ್ಲಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುತ್ತದೆ. ದ್ರವ ಅದನ್ನು ದಾಟಿ ಹೋಗುವುದಿಲ್ಲ. ಜೋರಾಗಿ ಒತ್ತಿ ಗುಳ್ಳೆ ಒಡೆಯುವ ಪ್ರಯತ್ನವೇ ನೋವಿಗೆ ಆಹ್ವಾನ. ಬದಲಿಗೆ ದ್ರವವನ್ನು ಕಲಕಬೇಕು.

ಯಂತ್ರವಿಲ್ಲದಿದ್ದರೆ ನಾಳಕ್ಕೆ ಸರಿಹೊಂದುವ ಗಟ್ಟಾಪರ್ಚಾ ಕೋನ್ (ಕೊನೆಗೆ ನಾಳ ತುಂಬಲು ಬಳಸುವ ರಬ್ಬರಿನಂಥ ಕಡ್ಡಿ) ಸಾಕು. ದ್ರವ ತುಂಬಿ, ಕೋನನ್ನು 2–3 ಮಿ.ಮೀ.ನಷ್ಟು ಮೇಲೆ ಕೆಳಗೆ, ನಿಮಿಷಕ್ಕೆ ನೂರು ಬಾರಿಯಂತೆ ಆಡಿಸಿ. ಉದ್ದ ಮೀರಿ ಕೋನ್ ಇಳಿಸಿದರೆ ಅದೇ ಪಿಸ್ಟನ್‌ನಂತೆ ದ್ರವವನ್ನು ಹೊರತಳ್ಳುತ್ತದೆ.

ಅಲ್ಟ್ರಾಸಾನಿಕ್ (ಅತಿ ವೇಗದ ಕಂಪನದ) ಯಂತ್ರವಿದ್ದರೆ ತೆಳು ಫೈಲನ್ನು ನಾಳದ ಉದ್ದಕ್ಕಿಂತ 2 ಮಿ.ಮೀ. ಮೇಲೆ, ಗೋಡೆ ಮುಟ್ಟದಂತೆ ಹಿಡಿದು 20 ಸೆಕೆಂಡಿನಂತೆ ಮೂರು ಸುತ್ತು ನಡೆಸಿ. ಪ್ರತಿ ಸುತ್ತಿಗೂ ಹೊಸ ದ್ರವ. ಫೈಲ್ ಗೋಡೆಗೆ ತಾಗಿದರೆ ಕಂಪನ ಸಾಯುತ್ತದೆ, ಬಾಗಿದ ನಾಳದಲ್ಲಿ ಮೆಟ್ಟಿಲು ಕೊರೆಯುವುದೂ ಉಂಟು. ಅಂಥ ನಾಳಗಳಿಗೆ ಪ್ಲಾಸ್ಟಿಕ್ ತುದಿಯ, ಕಡಿಮೆ ವೇಗದ ಕಂಪನದ ಸಾನಿಕ್ ಸಾಧನ ವಾಸಿ. ಬರೀ ಸಿರಿಂಜ್‌ಗೆ ಹೋಲಿಸಿದರೆ ಯಂತ್ರದಿಂದ ಕಲಕಿದಾಗ ಮೊದಲ ಒಂದೆರಡು ದಿನಗಳ ನೋವು ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ.

ಋಣ ಒತ್ತಡದ ಸಾಧನದ ದಾರಿ ಬೇರೆ. ದ್ರವವನ್ನು ಹಲ್ಲಿನ ಬಾಯಿಯಲ್ಲಿ ಬಿಟ್ಟು, ತುದಿಯವರೆಗೆ ಇಳಿಸಿದ ಸೂಕ್ಷ್ಮ ನಳಿಕೆಯಿಂದ ಹೀರಿಕೊಳ್ಳುತ್ತಾರೆ. ದ್ರವ ತಾನಾಗಿ ಕೆಳಗೆ ಹರಿದು ನಳಿಕೆಯೊಳಗೆ ಹೊರಟುಹೋಗುತ್ತದೆ, ಬೇರಿನ ಆಚೆ ದಾಟುವ ಸಂಭವ ತೀರ ಕಡಿಮೆ. ನಳಿಕೆಯ ಸಣ್ಣ ರಂಧ್ರಗಳು ಪುಡಿಯಿಂದ ಬೇಗ ಕಟ್ಟಿಕೊಳ್ಳುವುದೇ ಇದರ ತೊಡಕು. ಆದ್ದರಿಂದ ಮೊದಲು ದೊಡ್ಡ ನಳಿಕೆಯಿಂದ ಕಸ ಹೀರಿ, ಆಮೇಲೆ ಚಿಕ್ಕದನ್ನು ಇಳಿಸಬೇಕು.

ಕೊನೆಯಲ್ಲಿ ತಣ್ಣನೆಯ ಸಲೈನ್

ಬೇರಿನ ತುದಿಯಲ್ಲಿ ಮೊದಲೇ ಉರಿಯೂತವಿದ್ದು, ಕಚ್ಚಿದರೆ ನೋಯುತ್ತಿದ್ದ ಹಲ್ಲುಗಳಿಗೆ ಇದು ವಿಶೇಷವಾಗಿ ಉಪಯುಕ್ತ. ಉಳಿದೆಲ್ಲ ದ್ರವಗಳು ಮುಗಿದ ಮೇಲೆ 2.5 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದ 20 ಮಿ.ಲೀ. ಕ್ರಿಮಿರಹಿತ ಸಲೈನನ್ನು ಐದು ನಿಮಿಷಗಳಲ್ಲಿ ನಿಧಾನವಾಗಿ ಹರಿಸಿ. ಬೇರಿನ ಹೊರಮೈಯ ಉಷ್ಣತೆ ಇಳಿದು, ರಕ್ತನಾಳಗಳು ಕುಗ್ಗಿ, ಬಾವು ಮತ್ತು ನರದ ಸಂವೇದನೆ ತಗ್ಗುತ್ತವೆ. ಕೈಯ ಬಿಸಿಗೆ ಸಿರಿಂಜ್ ಬೇಗ ಬೆಚ್ಚಗಾಗುವುದರಿಂದ 5 ಮಿ.ಲೀ.ನ ನಾಲ್ಕು ಸಿರಿಂಜ್ ತುಂಬಿಸಿ ಮಂಜುಗಡ್ಡೆಯಲ್ಲಿಟ್ಟು ಒಂದೊಂದಾಗಿ ತೆಗೆಯಿರಿ. ತಣ್ಣಗೆ ಮಾಡುವುದು ಸಲೈನನ್ನು ಮಾತ್ರ. ಹೈಪೋಕ್ಲೋರೈಟ್ ತಣ್ಣಗಾದರೆ ಅಂಗಾಂಶ ಕರಗಿಸುವ ಗುಣ ಕುಗ್ಗುತ್ತದೆ.

ಆಮೇಲೆ ಪೇಪರ್ ಪಾಯಿಂಟ್‌ನಿಂದ ಒಣಗಿಸಿ. ನಾಳದೊಳಕ್ಕೆ ಗಾಳಿ ಊದಬೇಡಿ, ಗಾಳಿ ಬೇರು ದಾಟಿ ಮುಖದ ಚರ್ಮದಡಿ ಸೇರಿಕೊಳ್ಳಬಹುದು.

ಹೈಪೋಕ್ಲೋರೈಟ್ ಹೊರಗೆ ಹೋದರೆ

ಅರಿವಳಿಕೆಯಿದ್ದರೂ ದಿಢೀರನೆ ತೀವ್ರ ಉರಿ, ನಿಮಿಷಗಳಲ್ಲೇ ಏರುವ ಮುಖದ ಊತ, ನಾಳದಿಂದ ನಿಲ್ಲದ ರಕ್ತ: ಇವು ಲಕ್ಷಣ. ಮೇಲಿನ ಹಲ್ಲಾದರೆ ಮೂಗಿನಲ್ಲಿ, ಗಂಟಲಿನಲ್ಲಿ ಕ್ಲೋರಿನ್ ವಾಸನೆ ಬರುವುದೂ ಇದೆ. ಕೂಡಲೇ ನಿಲ್ಲಿಸಿ, ಒಳಗಿರುವುದನ್ನು ಹೀರಿ ತೆಗೆದು, ಒತ್ತಡವಿಲ್ಲದೆ ಸಲೈನ್‌ನಿಂದ ತೊಳೆಯಿರಿ. ರಕ್ತ ಮತ್ತು ದ್ರವ ಹೊರಬರಲು ಬಿಡಿ. ಏನಾಯಿತೆಂದು ಆ ವ್ಯಕ್ತಿಗೆ ಮುಚ್ಚಿಡದೆ ಹೇಳಿ, ನೋವಿಗೆ ಅರಿವಳಿಕೆ ಮತ್ತು ನೋವು ನಿವಾರಕ ಕೊಡಿ. ಮೊದಲ ದಿನ ಹೊರಗಿನಿಂದ ತಣ್ಣನೆಯ ಪಟ್ಟಿ, ಮರುದಿನದಿಂದ ಬೆಚ್ಚನೆಯ ಶಾಖ. ಸೋಂಕು ಹರಡುವ ಸಂಭವವಿದ್ದರೆ ಮಾತ್ರ ಆ್ಯಂಟಿಬಯಾಟಿಕ್. ಉಸಿರಾಟಕ್ಕೆ ತೊಂದರೆಯಾದರೆ, ಊತ ಕಣ್ಣಿನತ್ತ ಅಥವಾ ಕುತ್ತಿಗೆಗೆ ಹರಡಿದರೆ ಆಸ್ಪತ್ರೆಗೆ ಕಳಿಸಲು ತಡಮಾಡಬಾರದು. ನೀಲಿಗಟ್ಟಿದ ಚರ್ಮ ತಿಳಿಯಾಗಲು ಒಂದೆರಡು ವಾರ ಬೇಕು, ಮೊದಲ ಕೆಲವು ದಿನ ಪ್ರತಿದಿನವೂ ಕರೆಸಿ ನೋಡಿ. ಹಲ್ಲಿನ ಕೆಲಸ ಮುಂದುವರಿಸುವುದು ಊತ ಇಳಿದ ಮೇಲೆ, ಅದೂ ದ್ರವ ಎಲ್ಲಿಂದ ಹೊರಹೋಯಿತು ಎಂಬುದನ್ನು ಎಕ್ಸ್‌-ರೇಯಲ್ಲಿ ಹುಡುಕಿ, ಅಳತೆಯನ್ನು ಮತ್ತೊಮ್ಮೆ ತೆಗೆದುಕೊಂಡ ನಂತರ.