ಹಳೆ ಪ್ರೇಮಚಿತ್ರ ಕೂಡಿಡುವ ಮುನ್ನ ಉದ್ದ ಅಳೆಯಿರಿ

ಹಳೆ ಕನ್ನಡ ಚಿತ್ರಗಳ ಸಂಗ್ರಹ ಇದೆ ಅನ್ನುವವರ ಕಪಾಟು ತೆಗೆದು ನೋಡಿದ್ದೇನೆ. ಡಿಸ್ಕ್‌ಗಳ ರಾಶಿಯೇ ಇರುತ್ತದೆ, ಪೂರ್ತಿ ಸಿನಿಮಾ ಮಾತ್ರ ಅಪರೂಪ.

1. ಒಬ್ಬ ನಿರ್ದೇಶಕರನ್ನು ಹಿಡಿದು ಶುರುಮಾಡಿ. ನನ್ನ ಮಾತು ಕೇಳುವುದಾದರೆ ಪುಟ್ಟಣ್ಣ ಕಣಗಾಲ್. 1967ರ ‘ಬೆಳ್ಳಿಮೋಡ’, 1971ರ ‘ಶರಪಂಜರ’. ಎರಡರ ಮೂಲವೂ ತ್ರಿವೇಣಿ ಕಾದಂಬರಿ, ಎರಡರಲ್ಲೂ ಕಲ್ಪನಾ. ಮೊದಲು ಸಿನಿಮಾ ನೋಡಿ, ಕಾದಂಬರಿ ಆಮೇಲೆ.

2. ಡಿವಿಡಿ ಕೊಳ್ಳಿ. ‘ಮೂರು ಚಿತ್ರ ಒಂದೇ ಡಿಸ್ಕ್’ ಅಂತ ಮಾರುವುದನ್ನು ಮುಟ್ಟಲೇಬೇಡಿ. ಅಷ್ಟನ್ನು ಹಿಂಡಿ ತುಂಬಿದ್ದರಲ್ಲಿ ಮಳೆ ಸುರಿದರೆ ತೆರೆಯೆಲ್ಲ ಚೌಕ ಚೌಕ.

3. ಎಲ್ಲರೂ ಎಡವುವುದು ಇಲ್ಲೇ. ಚಿತ್ರ ಪೂರ್ತಿ ಇದೆಯಾ? ನಾನು ಒಮ್ಮೆ ತಂದ ಡಿಸ್ಕ್‌ನಲ್ಲಿ ನಾಯಕಿ ಬಾಗಿಲ ಚಿಲಕಕ್ಕೆ ಕೈ ಹಾಕಿದಳು, ಮರುಕ್ಷಣ ಕಂಕುಳಲ್ಲಿ ಮಗು! ಮಧ್ಯೆ ಮದುವೆಯೂ ಇಲ್ಲ, ಹಾಡೂ ಇಲ್ಲ. ಡಬ್ಬಿಯ ಮೇಲೆ ಬರೆದ ನಿಮಿಷ ನಂಬಬೇಡಿ. ಚಿತ್ರದ ಶುರುವಿಗೆ ಬರುವ ಸೆನ್ಸಾರ್ ಸರ್ಟಿಫಿಕೇಟ್ ಹತ್ತಿರ ಪಾಜ್ ಒತ್ತಿ ನಿಲ್ಲಿಸಿ. ಅದರಲ್ಲಿ ರೀಲ್‌ಗಳ ಸಂಖ್ಯೆ, ಫಿಲಂ ಉದ್ದ ಇರುತ್ತದೆ. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ, ಅಂದರೆ ಸುಮಾರು 27.4 ಮೀಟರ್ ಓಡುತ್ತದೆ. ಉದ್ದ 4,110 ಮೀಟರ್ ಅಂತಿದ್ದರೆ 27.4ರಿಂದ ಭಾಗಿಸಿ: 150 ನಿಮಿಷ. ನಿಮ್ಮ ಡಿಸ್ಕ್ 125ಕ್ಕೇ ಮುಗಿದರೆ ಕತ್ತರಿ ಬಿದ್ದಿದೆ. 144 ಇದ್ದರೆ ಮಾತ್ರ ಅಂಗಡಿಯವರ ಜೊತೆ ಸುಮ್ನೆ ಜಗಳಕ್ಕೆ ಹೋಗಬೇಡಿ. ಸೆಕೆಂಡಿಗೆ 24 ಚೌಕಟ್ಟಿನ (ಫ್ರೇಮ್) ಫಿಲಂ ಅನ್ನು ಪಾಲ್ ಪದ್ಧತಿಯ, ಅಂದರೆ ನಮ್ಮ ಟಿವಿ ಪದ್ಧತಿಯ ಡಿಸ್ಕ್‌ಗೆ ಹಾಕುವಾಗ 25ರ ವೇಗದಲ್ಲಿ ಓಡಿಸುತ್ತಾರೆ. ನೂರಕ್ಕೆ ನಾಲ್ಕು ನಿಮಿಷ ಹಾಗೇ ಕಳೆಯುತ್ತದೆ, ದನಿಯೂ ತುಸು ಕೀರಲಾಗಬಹುದು. ಸರ್ಟಿಫಿಕೇಟೇ ಕತ್ತರಿಸಿದ್ದಾರಾ? ಹಾಡು ಎಣಿಸಿ. ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಮೂಡಲ ಮನೆಯ’ ಇಲ್ಲದಿದ್ದರೆ ಡಿಸ್ಕ್ ವಾಪಸ್ ಕೊಡಿ.

4. ಟಿವಿಯಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ (ಅಗಲ 4, ಎತ್ತರ 3) ಇಡಿ. ಅಕ್ಕಪಕ್ಕ ಕಪ್ಪು ಪಟ್ಟಿ ಬಂದರೆ ಬರಲಿ. ಅಗಲ ಎಳೆದರೆ ಕಲ್ಪನಾ ಮುಖ ರೊಟ್ಟಿ ಥರ ಆಗುತ್ತದೆ, ಅಲ್ವಾ?

5. ಡಿಸ್ಕ್ ಅನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ ಇಡಿ. ಬಾಲ್ ಪೆನ್ನಿನಿಂದ ಅದರ ಮೇಲೆ ಬರೆಯಬೇಡಿ. ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ ಹಾಕಿಕೊಳ್ಳಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದೇ ಕಡಿಮೆ, ಯುಎಸ್‌ಬಿ ಡ್ರೈವ್ ಒಂದನ್ನು ಈಗಲೇ ತಂದಿಟ್ಟುಕೊಳ್ಳಿ.